ಜಂತಿಗೆ ಸಿಗಿಸಿಟ್ಟ ಏರ್‌ಗನ್ನಿನ ಬೆಲೆ

ಹಿಂಗಾರಿ ಜೋಳ ಹಾಲುಗಾಳಿಗೆ ಬಂತಂದ್ರ ನಮ್ಮ ಕಡೆ ಎರಡು ಮಾತು ಏಳ್ತಾವ. ಒಂದು ಗಿಣಿ ಕಾಟ. ಇನ್ನೊಂದು, "ನಮ್ಮಪ್ಪನ ಕಾಲದ ಏರ್‌ಗನ್ ಜಂತಿಗೆ ಹಂಗ ಐತಿ, ಈಗ ಮಾರಿದ್ರ ಏನ ಬಂದೀತು?" ಅನ್ನೂದು. ಈ ವರ್ಷ ಎರಡನೇ ಮಾತು ಜರಾ ಜೋರಾಗೇತಿ. ಹಳೆ ಏರ್‌ಗನ್ನಿಗೆ ಲಕ್ಷ ರೂಪಾಯಿ ಕೊಡ್ತಾರ ಅಂತ ಮೊಬೈಲಿನ್ಯಾಗ ವಿಡಿಯೋ ತಿರುಗಾಡಕತ್ತಾವ. ಸಂತ್ಯಾಗ ಸಿಕ್ಕವರು, ಗೊಬ್ಬರದ ಅಂಗಡಿ ಮುಂದ ಕುಂತವರು, ಎಲ್ಲಾರೂ ಇದನ್ನ ಕೇಳ್ತಾರ.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಬರ್ತೈತಿ ಅಂತ ಹಿಂದ ಹಿಂಗ ಸುದ್ದಿ ಹಬ್ಬಿತ್ತು, ನೆನಪೈತಲ್ಲ. ಕಡೀಕ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಹಳೆ ನೋಟು ನಾಣ್ಯದ ಹೆಸರಿನ ಮೋಸಕ್ಕೆ ಬಲಿಯಾಗಬೇಡಿ ಅಂತ ಹೇಳಬೇಕಾಯ್ತು. ಏರ್‌ಗನ್ನಿನ ಮಾತು ಅಷ್ಟು ಪೂರ್ತಿ ಸುಳ್ಳಲ್ಲ. ಹಳೆ ಏರ್‌ಗನ್ನಿಗೆ ಖರೇನ ಗಿರಾಕಿ ಅದಾರ, ಕೆಲವಕ್ಕ ಒಳ್ಳೆ ರೊಕ್ಕಾನೂ ಬರ್ತೈತಿ. ಆದ್ರ ಯಾವುದಕ್ಕ ಬರ್ತೈತಿ, ಯಾವುದಕ್ಕ ಬರೂದಿಲ್ಲ, ಯಾವುದನ್ನ ಮಾರಾಕ ಹೋದ್ರ ಪೊಲೀಸ್ ಠಾಣೆ ಕಾಣಬೇಕಾಗ್ತೈತಿ, ಇದು ತಿಳಿಯಬೇಕಂದ್ರ ಈ ವಸ್ತು ನಮ್ಮ ಮನಿಗೆ ಹೆಂಗ ಬಂತು ಅನ್ನೂದನ್ನ ನೋಡಬೇಕು. ನನ್ನ ಪ್ರಕಾರ ಏರ್‌ಗನ್ನಿನ ಬೆಲೆ ಕಟ್ಟಿದ್ದು ಕಬ್ಬಿಣವೂ ಅಲ್ಲ, ಮರವೂ ಅಲ್ಲ, ಕಾನೂನು. ಮೊದಲ ಅದಕ್ಕ ಬೆಲೆ ಬಂದದ್ದು ಕಾನೂನಿನಿಂದ. ಈಗ ಅರ್ಧಕ್ಕರ್ಧ ಗನ್ನುಗಳ ಬೆಲೆ ಹೋದದ್ದೂ ಕಾನೂನಿನಿಂದ.

ಈ ಕಥೆ ನಮ್ಮ ನೆಲದಿಂದಾನ ಶುರುವಾಗ್ತೈತಿ. 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದರು. ಮನೆಯಲ್ಲಿರುವ ಆಯುಧವನ್ನೆಲ್ಲ ತಂದು ಒಪ್ಪಿಸಬೇಕು, ಇಟ್ಟುಕೊಳ್ಳಬೇಕಂದ್ರ ಸರ್ಕಾರದ ಅಪ್ಪಣೆ ಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದನ್ನ ಒಪ್ಪಲಿಲ್ಲ. ಅವರ ಪಾಲಿಗೆ ಹತಾರ ಅಂದ್ರ ಕೈಕಾಲು ಇದ್ದಂಗ. ಬೇಟೆ, ಚಾಕರಿ, ಮಾನ ಮೂರೂ ಅದರ ಮ್ಯಾಲೆ ನಿಂತಿದ್ದವು. 1857ರ ನವೆಂಬರಿನ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಹಲವರನ್ನ ಗಲ್ಲಿಗೆ ಹಾಕಿದರು. ಹಲಗಲಿ ಬೇಡರ ಲಾವಣಿ ನಮ್ಮಲ್ಲಿ ಸಾಲಿ ಹುಡುಗರಿಗೂ ಗೊತ್ತು, ಅದನ್ನ ನಾ ಮತ್ತ ಹೇಳೂದು ಬ್ಯಾಡ. ಮುಂದಿನ ವರ್ಷವೇ ನಮ್ಮ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಎದ್ದ, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಹೋಯ್ತು, ಬಾಬಾಸಾಹೇಬನನ್ನ 1858ರ ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಮಡಿದ. ಒಂದು ವರ್ಷದೊಳಗ ನಮ್ಮ ಸುತ್ತಲಿನ ಇಷ್ಟು ಊರು ಎದ್ದಮ್ಯಾಲ ಈ ಭಾಗದ ರೈತನ ಕೈಗೆ ಬಂದೂಕು ಕೊಡಾಕ ಇಂಗ್ಲಿಷರಿಗೆ ಹೆಂಗ ಮನಸಾದೀತು?

ಅದೇ ಹೊತ್ತಿಗೆ ಕೊಡಗಿನ ಕಥೆ ತಿರುವುಮುರುವು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಸ್ವಾತಂತ್ರ್ಯ ಬಂದಮ್ಯಾಲೂ ಉಳಿದು, 2019ರಲ್ಲಿ ಮತ್ತ ಹತ್ತು ವರ್ಷಕ್ಕ ಮುಂದುವರಿದೈತಿ. ಒಂದ ರಾಜ್ಯ, ಅಲ್ಲಿ ಮನಿಮನಿಗೆ ಕೋವಿ, ಅದಕ್ಕೊಂದು ಹಬ್ಬ. ನಮ್ಮಲ್ಲಿ ಬೆಳೆ ಕಾಯಾಕ ಒಂದು ಸಿಂಗಲ್ ಬ್ಯಾರಲ್ ಲೈಸೆನ್ಸು ಸಿಕ್ಕಿತಂದ್ರ ಅಂವ ಊರಿಗೆ ದೊಡ್ಡಾಂವ. ಚುನಾವಣೆ ಬಂತಂದ್ರ ಅದನ್ನೂ ಠಾಣೆಗೆ ಒಪ್ಪಿಸಿ ಚೀಟಿ ತಗೊಂಡು ಬರಬೇಕು.

1878ರ ಶಸ್ತ್ರ ಕಾಯ್ದೆ ಲೈಸೆನ್ಸಿನ ಗಂಟನ್ನ ಇನ್ನಷ್ಟು ಬಿಗಿ ಮಾಡಿತು. ಕವಣಿ ಬೀಸಿ, ಡಬ್ಬಿ ಬಡಿದು ಹೊಲ ಕಾಯೋ ರೈತನಿಗೂ ಲೈಸೆನ್ಸಿನ ಬಂದೂಕಿಗೂ ನಡುವ ಒಂದು ದೊಡ್ಡ ಖಾಲಿ ಜಾಗ ಉಳೀತು. ಆ ಜಾಗಕ್ಕ ಬಂದು ಕುಂತದ್ದು ಏರ್‌ಗನ್.

ಏರ್‌ಗನ್ ಅಂದ್ರ ಏನು ಅನ್ನೂದು ನಿಮಗ ಗೊತ್ತಿದ್ದದ್ದ. ಮದ್ದು ಇಲ್ಲ, ಕಾಡತೂಸು ಇಲ್ಲ. ನಳಿಗೆ ಮುರಿದಂಗ ಕೆಳಗ ಬಾಗಿಸಿದ್ರ ಒಳಗಿನ ಸ್ಪ್ರಿಂಗ್ ಒತ್ತಿ ಕುಂದರತೈತಿ. ಕುದುರೆ ಒತ್ತಿದ ಕೂಡಲೆ ಸ್ಪ್ರಿಂಗ್ ಪಿಸ್ಟನ್ನನ್ನ ಮುಂದಕ್ಕ ದೂಡತೈತಿ, ಪಿಸ್ಟನ್ ಮುಂದಿನ ಗಾಳಿ ಹಿಚುಕಿ ಪೆಲೆಟ್ಟನ್ನ ಹೊರಗ ಹಾಕತೈತಿ. ಸೈಕಲ್ ಪಂಪನ್ನ ಒಂದ ಏಟಿಗೆ ಜೋರಾಗಿ ಒತ್ತಿದಂಗ. ಪಂಪಿನೊಳಗಿನ ಚರ್ಮದ ವಾಷರ್ ಇರ್ತೈತಲ್ಲ, ಹಳೆ ಏರ್‌ಗನ್ನಿನ ಪಿಸ್ಟನ್ ತುದಿಗೂ ಅಂಥದ್ದ ಒಂದು ಚರ್ಮದ ವಾಷರ್. ಅದಕ್ಕ ನಮ್ಮೂರ ಸೈಕಲ್ ರಿಪೇರಿಯವರು, ಚಪ್ಪಲಿ ಹೊಲಿಯುವವರು ಸೇರಿ ಏರ್‌ಗನ್ ರಿಪೇರಿ ಮಾಡಾಕ ಆಗ್ತಿತ್ತು.

ಗಜೇಂದ್ರಗಡದ ಗುಡ್ಡದ ಮ್ಯಾಲಿನ ಫ್ಯಾನು ದಿನಾ ನೋಡೋ ನಮಗ ಒಂದು ಸಂಗತಿ ಚಂದ ಅನಸ್ತೈತಿ. ಅಮೆರಿಕದ ಮಿಶಿಗನ್ ರಾಜ್ಯದ ಪ್ಲಿಮತ್ ಊರಾಗ 1882ರಲ್ಲಿ ಒಂದು ಗಾಳಿಯಂತ್ರದ ಕಂಪನಿ ಹುಟ್ಟಿತು. ರೈತರ ಬಾವಿಯಿಂದ ನೀರೆತ್ತೋ ಕಬ್ಬಿಣದ ಗಾಳಿಯಂತ್ರ ಅವರ ಮಾಲು. ಗಿರಾಕಿ ಸೆಳೀಬೇಕಂತ ಯಂತ್ರ ಕೊಂಡ ರೈತನಿಗೆ ಒಂದು ಏರ್‌ಗನ್ ಪುಕ್ಕಟೆ ಕೊಡಾಕ ಹತ್ತಿದರು. ಕೆಲವ ವರ್ಷದಾಗ ಜನ ಯಂತ್ರ ಬಿಟ್ಟು ಗನ್ನನ್ನ ಕೇಳಾಕ ಶುರು ಮಾಡಿದರು. 1895ರ ಹೊತ್ತಿಗೆ ಕಂಪನಿ ಗಾಳಿಯಂತ್ರದ ಹೆಸರನ್ನೇ ಕೈಬಿಟ್ಟು ಡೈಸಿ ಅಂತ ಗನ್ನಿನ ಹೆಸರಿಟ್ಟುಕೊಂಡಿತು. ರೈತನಿಗೆ ಕೊಟ್ಟ ಉಡುಗೊರೆಯಿಂದ ಒಂದು ಉದ್ಯಮ ಎದ್ದದ್ದು ಹಿಂಗ.

ನಮ್ಮ ದೇಶಕ್ಕ ಬಂದ ಒಳ್ಳೆ ಗನ್ನುಗಳು ಮಾತ್ರ ಹೆಚ್ಚಾಗಿ ಎರಡು ಕಡೆಯವು: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಜರ್ಮನಿಯ ರಾಸ್ಟಾಟ್.

ಬರ್ಮಿಂಗ್‌ಹ್ಯಾಮಿನದು ಬಿಎಸ್‌ಎ. ಈ ಹೆಸರು ಕೇಳಿದ ಕೂಡಲೆ ನಮಗ ಸೈಕಲ್ ನೆನಪಾಗ್ತೈತಿ. ಬಿಎಸ್‌ಎ ಅಂದ್ರ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಹುಟ್ಟಿದ ಬಂದೂಕಿನ ಕಂಪನಿ. ಗುರುತು ಅಂದ್ರ ಮೂರು ಬಂದೂಕು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರ. ಅವರು ಸೈಕಲ್ಲೂ ಮಾಡಿದರು, ಮೋಟರ್‌ಸೈಕಲ್ಲೂ ಮಾಡಿದರು. ನಮ್ಮಪ್ಪಂದಿರು ತುಳಿದ ಬಿಎಸ್‌ಎ ಸೈಕಲ್ ಆ ಹೆಸರಿನಲ್ಲೇ ಮದ್ರಾಸಿನ ಅಂಬತ್ತೂರಿನ ಟಿಐ ಕಾರ್ಖಾನೆಯಲ್ಲಿ ತಯಾರಾದದ್ದು. 1905ರಲ್ಲಿ ಬಿಎಸ್‌ಎ, ಲಿಂಕನ್ ಜೆಫ್ರೀಸ್ ಎಂಬಾತನ ವಿನ್ಯಾಸದ ಏರ್‌ರೈಫಲ್ ಮಾಡಾಕ ಶುರು ಮಾಡಿತು. ನಳಿಗೆ ಮುರಿಯೂದಿಲ್ಲ, ಕೆಳಗೊಂದು ಸಳಿ ಇರ್ತೈತಿ, ಅದನ್ನ ಎಳೆದು ಸ್ಪ್ರಿಂಗ್ ಒತ್ತಬೇಕು. ಇಂಥ ಹಳೆ ಬಿಎಸ್‌ಎ ಯಾರ ಮನ್ಯಾಗಾದ್ರೂ ಇದ್ರ ಮ್ಯಾಲೆ ಕೊಳವಿಯ ಗುದ್ದನ್ನ ನೋಡ್ರಿ. 1 ಅಂತ ಇದ್ರ .177, ಅಂದ್ರ 4.5 ಮಿಲಿಮೀಟರ್ ನಳಿಗೆ. 2 ಅಂತ ಇದ್ರ .22, ಅಂದ್ರ 5.5. ಈ ಒಂದು ಅಂಕಿಯ ಮ್ಯಾಲೆ ಎಷ್ಟು ನಿಂತೈತಿ ಅನ್ನೂದನ್ನ ಮುಂದ ಹೇಳ್ತೀನಿ.

ರಾಸ್ಟಾಟಿನದು ಡಯಾನಾ. ಇಂಗ್ಲೆಂಡಿನ ಯುವರಾಣಿ ಹೆಸರು ಅಂತ ನಮ್ಮಲ್ಲಿ ಬಹಳ ಮಂದಿ ತಿಳಕೊಂಡಾರ. ಅಲ್ರಿ. ಮೇಯರ್ ಮತ್ತು ಗ್ರಾಮೆಲ್ಸ್‌ಪಾಖರ್ ಅನ್ನೋ ಇಬ್ಬರು 1890ರಲ್ಲಿ ಶುರು ಮಾಡಿದ ಕಂಪನಿ ಅದು, ಡಯಾನಾ ಅಂದ್ರ ರೋಮನ್ನರ ಬೇಟೆ ದೇವತೆ. ಗನ್ನಿನ ಮ್ಯಾಲಿನ ಗುದ್ದು ಕಣ್ಣು ಕಿರಿದು ಮಾಡಿ ನೋಡಿದ್ರ ಕಾಣ್ತೈತಿ: ದೇವಿ ಬಿಲ್ಲು ಬಾಣ ಕೆಳಗ ಒಗದು ಕೈಯಾಗ ಗನ್ ಎತ್ತಿ ಹಿಡದಾಳ. ಎರಡನೇ ಮಹಾಯುದ್ಧ ಮುಗಿದಮ್ಯಾಲ ಸೋತ ಜರ್ಮನಿಯಿಂದ ಈ ಕಂಪನಿಯ ಯಂತ್ರಗಳನ್ನ ಪರಿಹಾರ ಅಂತ ಕಿತ್ತು ಸ್ಕಾಟ್ಲೆಂಡಿಗೆ ಒಯ್ದರು. ಅಲ್ಲಿನ ಮಿಲ್‌ಬ್ರೋ ಅನ್ನೋ ಕಂಪನಿ ಅದೇ ಡಯಾನಾ ಹೆಸರಿನಲ್ಲಿ ಗನ್ ಮಾಡಿ ಮಾರಿತು. ಜರ್ಮನ್ನರು 1950ರಲ್ಲಿ ಮತ್ತ ಕಾರ್ಖಾನೆ ಎಬ್ಬಿಸಿದಾಗ ಬ್ರಿಟನ್ನಿನಲ್ಲಿ ತಮ್ಮ ಹೆಸರನ್ನ ತಾವ ಬಳಸಂಗಿಲ್ಲ ಅಂತಾಗಿ, ಅಲ್ಲಿ "ಒರಿಜಿನಲ್" ಅನ್ನೋ ಹೆಸರಿನಿಂದ ಮಾರಿದರು. 1984ರಲ್ಲಿ ಆ ಹೆಸರನ್ನ ಮರಳಿ ಕೊಂಡರು. 2014ರಲ್ಲಿ ಕಂಪನಿ ಇನ್ನೊಬ್ಬರ ಕೈಗೆ ಹೋಗಿ, ತಯಾರಿಕೆಯೂ ರಾಸ್ಟಾಟ್ ಬಿಟ್ಟು ಬೇರೆ ಊರಿಗೆ ಹೋಯ್ತು.

ಇದನ್ನೆಲ್ಲ ಯಾಕ ಹೇಳಿದೆ ಅಂದ್ರ ಗಿರಾಕಿ ಮೊದಲ ನೋಡೂದು ಇದನ್ನ. ಡಯಾನಾ ಅಂತ ಬರದದ್ದೆಲ್ಲ ಒಂದ ಅಲ್ಲ. ರಾಸ್ಟಾಟ್ ಜರ್ಮನಿಯ ಗುದ್ದಿದ್ರ ಒಂದು ಮಾತು, ಗ್ರೇಟ್ ಬ್ರಿಟನ್ ಅಂತ ಇದ್ರ ಅದು ಮಿಲ್‌ಬ್ರೋ, ಜರಾ ಕಡಿಮಿ ಮಾತು. ಯಾವ ಗುದ್ದೂ ಇಲ್ಲದ, ನೋಡಾಕ ಮಾತ್ರ ಡಯಾನಾ ಇದ್ದಂಗಿರೋ ದೇಶೀ ನಕಲು ನಮ್ಮಲ್ಲಿ ಬೇಕಾದಷ್ಟು ಅದಾವ, ಅವಕ್ಕ ಸಂಗ್ರಹದ ಬೆಲೆ ಇಲ್ಲ. ಯುದ್ಧದ ನಂತರದ ಜರ್ಮನ್ ಡಯಾನಾದ ಕೊಳವಿಯ ಹಿಂಭಾಗದಲ್ಲಿ, ಎಡಕ್ಕ, ಸಣ್ಣ ಅಂಕಿಯೊಳಗ ತಿಂಗಳು ವರ್ಷ ಗುದ್ದಿರ್ತಾರ. 04 66 ಅಂತ ಇದ್ರ 1966ರ ಏಪ್ರಿಲ್ ಮಾಲು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದಷ್ಟ ಸಲೀಸು.

ಸ್ವಾತಂತ್ರ್ಯ ಬಂದು 1959ರಲ್ಲಿ ಹೊಸ ಶಸ್ತ್ರ ಕಾಯ್ದೆ, 1962ರಲ್ಲಿ ಅದರ ನಿಯಮಗಳು ಬಂದವು. ಬಂದೂಕಿಗೆ ಲೈಸೆನ್ಸ್ ಬೇಕು ಅನ್ನೂದು ಹಂಗ ಉಳೀತು. ಸಾದಾ ಏರ್‌ಗನ್ನಿಗೆ ಮಾತ್ರ ವಿನಾಯಿತಿ. ಸಾದಾ ಅಂತ ಗೊತ್ತುಮಾಡಾಕ ಅವರು ಇಟ್ಟ ಪರೀಕ್ಷೆ ಬಹಳ ಸರಳ: ಹತ್ತಿರದಿಂದ ಹೊಡೆದರೂ ಪೆಲೆಟ್ ಒಂದಿಂಚು ದಪ್ಪದ ಮೆದು ಮರದ ಹಲಗೆಯನ್ನ ತೂರಿ ಹೋಗಬಾರದು. ನಳಿಗೆ 4.5 ಇರಲಿ 5.5 ಇರಲಿ, ಹಲಗೆ ತೂರದಿದ್ರ ಸಾಕು, ಅಂಗಡಿಗೆ ಹೋಗಿ ರೊಕ್ಕ ಕೊಟ್ಟು ತರಬಹುದಿತ್ತು. ನಮ್ಮ ಕಡೆ ಏರ್‌ಗನ್ ಮನಿಮನಿಗೆ ಬಂದದ್ದು ಈ ಕಾಲದಾಗ. ಹತ್ತಿಗೆ ಒಳ್ಳೆ ರೇಟು ಬಂದ ವರ್ಷ ಹುಬ್ಬಳ್ಳಿಗೆ ಹೋದವರು ಒಂದು ರೇಡಿಯೋ, ಒಂದು ಏರ್‌ಗನ್ ತರ್ತಿದ್ದರು. ವಿದೇಶಿ ಮಾಲು ತರಾಕ ಆಮದು ಪರವಾನಗಿ ಬೇಕಾಗಿದ್ದ ಕಾಲ ಅದು. ಹಂಗಾಗಿ ಬಂದ ಡಯಾನಾ, ಬಿಎಸ್‌ಎ, ವೆಬ್ಲಿ ಕಡಿಮಿ. ಇಂದಿಗೂ ನಮ್ಮ ದೇಶದಾಗ ಅವಕ್ಕ ಅವುಗಳ ತಾಯ್ನಾಡಿಗಿಂತ ಹೆಚ್ಚು ಕಿಮ್ಮತ್ತು ಅಂತ ಕೆಲವರು ಹೇಳೂದಕ್ಕ ಇದ ಕಾರಣ.

ಆ ಕೊರತೆ ತುಂಬಿದ್ದು ನಮ್ಮ ರೈತರಿಗೆ ಬೇರೆ ಕಾರಣಕ್ಕ ಪರಿಚಯ ಇರೋ ಕಂಪನಿ. ಹಳ್ಳಕ್ಕ, ರಸ್ತೆ ಕೆಳಗ, ಕಾಲುವಿಗೆ ಹಾಕೋ ಹ್ಯೂಮ್ ಪೈಪ್ ಇರ್ತೈತಲ್ಲ, ಅದ. ವಾಲಚಂದ್ ಹೀರಾಚಂದ್ 1926ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಇಂಡಿಯನ್ ಹ್ಯೂಮ್ ಪೈಪ್ ಕಂಪನಿ ಸಿಮೆಂಟ್ ಪೈಪಿನ ಜೊತಿಗೆ ಏರ್‌ರೈಫಲ್ಲೂ ಮಾಡಿತು. ಗನ್ನಿನ ಮ್ಯಾಲೆ ಐಎಚ್‌ಪಿ ಅಂತ ಇರ್ತೈತಿ. ಡಯಾನಾ 35ರ ಜಾಡಿನ ಗಟ್ಟಿ ಮಾಲು. ನಮ್ಮ ಮನ್ಯಾಗ ಇರೂದೂ ಐಎಚ್‌ಪಿನ, 4.5ರದು, ದೊಡ್ಡಪ್ಪ ತಂದದ್ದು. ಹತ್ತು-ಹದಿನೈದು ವರ್ಷದ ಹಿಂದ "ದೇಶೀ ಮಾಲು" ಅಂತ ಯಾರೂ ಕೇಳ್ತಿರಲಿಲ್ಲ. ಈಗ ಸಂಗ್ರಹ ಮಾಡೋ ಹುಡುಗರು ಇದನ್ನ ಹುಡುಕ್ಯಾಡಿ ಬರ್ತಾರ. ಅವರ ಅಜ್ಜಂದಿರ ಕೈಯಾಗ ಇದ್ದದ್ದು ಇದ, ಜರ್ಮನಿಯದಲ್ಲ. ವಸ್ತು ಹಳೇದಾದ್ರ ಸಾಲದು, ಅದನ್ನ ನೆನಸೋ ಮಂದಿ ಕೈಯಾಗ ರೊಕ್ಕ ಆಡಬೇಕು. ಅಂಬಾಸಿಡರ್ ಕಾರಿಗೂ, ಎಚ್‌ಎಂಟಿ ಗಡಿಯಾರಕ್ಕೂ ಹಿಂಗ ಆತು.

ದೊಡ್ಡಪ್ಪ ಹೊಲದಾಗ ಏರ್‌ಗನ್ ಬಳಸಿದ ರೀತಿ ಒಂದು ಹೇಳ್ತೀನಿ. ಸೂರ್ಯಕಾಂತಿ ಹೊಲದ ನಡುವ ಗಳ ನೆಟ್ಟು, ಅದಕ್ಕ ಹಳೆ ಎಣ್ಣಿ ಡಬ್ಬಿಯ ತಗಡು ಬಿಚ್ಚಿ ತೂಗು ಹಾಕ್ತಿದ್ದ. ಅಟ್ಟದ ಮ್ಯಾಲೆ ಕುಂತು ತಗಡಿಗೆ ಹೊಡೆಯಾಂವ. ಟಣ್ ಅಂದ ಸಪ್ಪಳಕ್ಕ ಗಿಣಿ ಹಿಂಡು ಎದ್ದು ಪಕ್ಕದ ಹೊಲಕ್ಕ. ಪಕ್ಕದ ಹೊಲದವರು ಬೈಯ್ತಿದ್ದರು, ಅದು ಬೇರೆ ಮಾತು. ಎಲ್ಲಾರೂ ತಗಡಿಗ ಹೊಡೀತಿದ್ದರು ಅಂತ ನಾ ಹೇಳೂದಿಲ್ಲ. ಬೆಳವಕ್ಕಿ, ಗಿಣಿ, ಕೆಂಬೂತ, ಮಾಂಸಕ್ಕಂತ ಹೊಡೆದವರೂ, ಸುಮ್ಮನ ಗುರಿ ನೋಡಾಕಂತ ಹೊಡೆದವರೂ ನಮ್ಮವರ. 1972ರ ವನ್ಯಜೀವಿ ಕಾಯ್ದೆ ಬಂದಮ್ಯಾಲೂ ಎಷ್ಟೋ ವರ್ಷ ಅದು ಹಳ್ಳಿಗೆ ಮುಟ್ಟಿದಂಗ ಇರಲಿಲ್ಲ. ಈಗ ಹಂಗಿಲ್ಲ. ನವಿಲು, ಚಿಗರಿ ಮೊದಲ ಅನುಸೂಚಿಯಲ್ಲಿ ಅದಾವ, ಹೊಡೆದ್ರ ಕನಿಷ್ಠ 3 ವರ್ಷ ಜೈಲು. "ಇದು ಏರ್‌ಗನ್ ರೀ" ಅಂದ್ರ ಅರಣ್ಯ ಇಲಾಖೆಯವರು ಕೇಳೂದಿಲ್ಲ.

ಆ ಹಕ್ಕಿ ಹೊಡೆಯೋ ಚಾಳಿನ ಕಡೀಕ ಗನ್ನಿಗೆ ಮುಳುವಾತು. ಪ್ರಾಣಿದಯೆಯ ಸಂಸ್ಥೆ ಪೀಪಲ್ ಫಾರ್ ಅನಿಮಲ್ಸ್ ದೆಹಲಿ ಹೈಕೋರ್ಟಿಗೆ ಹೋಗಿ, ಏರ್‌ಗನ್ನಿಗೆ ಕೊಟ್ಟ ವಿನಾಯಿತಿಯನ್ನ ಪ್ರಶ್ನೆ ಮಾಡಿತು. 2011ರಲ್ಲಿ ಕೋರ್ಟು ಅವರ ಪರ ನಿಂತಿತು. ನಾಲ್ಕೈದು ವರ್ಷ ಅಂಗಡಿಯವರಿಗೂ ಗಿರಾಕಿಗೂ ಗೊಂದಲವೋ ಗೊಂದಲ. 2016ರಲ್ಲಿ ಹೊಸ ಶಸ್ತ್ರ ನಿಯಮಗಳು ಬಂದು ಗೆರೆ ಎಳೆದವು. ನಳಿಗೆಯ ತೂತು .177 ಅಂದ್ರ 4.5 ಮಿಲಿಮೀಟರ್ ದಾಟಿರಬಾರದು, ಹೊಡೆತದ ಶಕ್ತಿ 20 ಜೌಲ್ ದಾಟಿರಬಾರದು. ಎರಡರೊಳಗಿದ್ರ ಲೈಸೆನ್ಸ್ ಬೇಡ. ಎರಡರಾಗ ಒಂದನ್ನ ದಾಟಿದ್ರೂ ಲೈಸೆನ್ಸ್ ಬೇಕು.

20 ಜೌಲಿನ ಚಿಂತಿ ಹಳೆ ಸ್ಪ್ರಿಂಗ್ ಗನ್ನಿಗೆ ಇಲ್ಲ, ಅವು ಅಷ್ಟು ಶಕ್ತಿ ಕಂಡದ್ದ ಇಲ್ಲ. ತೊಡಕು ಇರೂದು ತೂತಿನೊಳಗ. ಒಂದು ಮಿಲಿಮೀಟರ್. ಜೋಳದ ಕಾಳಿನ ಕಾಲು ಭಾಗದಷ್ಟು ಅಂತರ. 1960ರ ದಶಕದಲ್ಲಿ ಹಾಡಹಗಲ ಅಂಗಡಿಯಿಂದ ರಸೀದಿ ಹಾಕಿಸಿ ತಂದ 5.5ರ ಗನ್ನು ಜಂತಿಗೆ ತೂಗಾಡ್ತಿದ್ದಾಂಗ, ತಾ ಏನೂ ಮಾಡಲಾರದ, ಲೈಸೆನ್ಸ್ ಬೇಕಾದ ಆಯುಧ ಆತು. ಮನಿಯವರಿಗೆ ಇದರ ಸುದ್ದಿನ ಇಲ್ಲ.

ನಮ್ಮ ಪಕ್ಕದ ಊರಾಗ ಒಬ್ಬ ಹಿರಿಯರು ಅದಾರ, ನಾ ಕಾಕಾ ಅಂತೀನಿ. ಅವರ ತಂದಿ ತಂದ ಡಯಾನಾ 35, ರಾಸ್ಟಾಟಿನ ಗುದ್ದು, 1960ರ ದಶಕದ ತಾರೀಖು, ನೀಲಿ ಬಣ್ಣ ಮುಕ್ಕಾಲು ಉಳದೈತಿ, ಹಿಡಿಕಿಗೆ ಒಂದು ಮೊಳೆ ಸೈತ ಬಡದಿಲ್ಲ. ಹೋದ ವರ್ಷ ಉಳ್ಳಾಗಡ್ಡಿ ಹೊಲದಾಗ ಕೊಳತು ಮೊಮ್ಮಗನ ಕಾಲೇಜಿನ ಫೀಜಿಗೆ ಕಡಿಮಿ ಬಿದ್ದಾಗ, ಅದನ್ನ ಮಾರೂದಂತ ಗಟ್ಟಿ ಮಾಡಿದರು. ಬೆಳಗಾವಿ ಕಡೆ ಒಬ್ಬ ಗಿರಾಕಿ ಫೋನಿನ್ಯಾಗ 18,000 ಅಂದ. ಬಂದ, ನೋಡಿದ, ಮುಖ ಅರಳಿತು. ನಳಿಗೆ ಬಾಗಿಸಿ ಹಿಂದಿನ ತೂತಿಗೆ ತನ್ನ ಹತ್ರ ಇದ್ದ ಪೆಲೆಟ್ ಇಟ್ಟ. ಪೆಲೆಟ್ ಸಲೀಸು ಒಳಗ ಜಾರಿ ಮುಂದಿನ ಬಾಯಿಂದ ಕೆಳಗ ಬಿತ್ತು.

"ಕಾಕಾ, ಇದು 5.5 ಐತ್ರಿ. ನಾ ಮುಟ್ಟಂಗಿಲ್ಲ."

"ಯಾಕಪಾ, ಚಲೋ ಇಲ್ಲೇನು?"

"ಭಾಳ ಚಲೋ ಐತ್ರಿ. ಅದಕ್ಕ ಹೊಟ್ಟಿ ಉರಿತೈತಿ. ಲೈಸೆನ್ಸ್ ಇಲ್ದ ಇದನ್ನ ಗಾಡ್ಯಾಗ ಇಟಗೊಂಡು ನಾ ಹೆಂಗ ಹೋಗ್ಲಿ?"

ಕಾಕಾ ಒಂದು ಮಾತು ಆಡಲಿಲ್ಲ, ಚಹಾ ಕುಡಿಸಿ ಕಳಿಸಿದರು. ಮರುದಿನ ಇನ್ನೊಬ್ಬ ಬಂದು, ಕಾಗದ ಗೀಗದ ಏನೂ ಬ್ಯಾಡ, 4,000 ಕೊಡ್ತೀನಿ ಅಂದ. ಇದ ನೋಡ್ರಿ ನಿಜವಾದ ಅಪಾಯ. ಅಂವ ಒಯ್ದ ಗನ್ ನಾಳೆ ಎಲ್ಲೋ ಚಿಗರಿ ಹೊಡೆದು ಸಿಕ್ಕಿಬಿದ್ರ, ಯಾರಿಂದ ತಂದಿ ಅಂದಾಗ ಕಾಕಾನ ಹೆಸರು ಬರ್ತೈತಿ. ಕಾಕಾ ಕೊಡಲಿಲ್ಲ. ಹಳೆ ರಸೀದಿ ಟ್ರಂಕಿನ್ಯಾಗ ಸಿಕ್ಕಿತು. ಅದನ್ನ ಹಿಡಕೊಂಡು ಗದುಗಿಗೆ ಹೋಗಿ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರದ ಶಾಖೆಯೊಳಗ ಕೇಳಿ, ಗನ್ ತಮ್ಮ ಹತ್ರ ಐತಿ ಅಂತ ಬರದು ಅರ್ಜಿ ಕೊಟ್ಟಾರ. ಲೈಸೆನ್ಸ್ ಆದ್ರ ಇಟಗೊಳ್ಳೂದು, ಇಲ್ಲಂದ್ರ ಒಪ್ಪಿಸೂದು. ಮೊಮ್ಮಗನ ಫೀಜಿಗೆ ಸೊಸೈಟಿ ಸಾಲ ಆತು.

ಅದೇ ಗನ್ನು 4.5 ಇದ್ದಿದ್ರ 18,000 ಕೈಗೆ ಬರ್ತಿತ್ತು. ಇಂಗ್ಲೆಂಡಿನ ಸಂಗ್ರಹದವರಿಗೆ ಈ ತೂತಿನ ಭೇದ ಇಲ್ಲ. ಅಲ್ಲಿ ಗೆರೆ ಇರೂದು ಶಕ್ತಿಗೆ, 12 ಫುಟ್-ಪೌಂಡ್ ದಾಟಬಾರದು ಅಷ್ಟ. ಆದ್ದರಿಂದ ಹೊರದೇಶದ ಹರಾಜಿನ ರೇಟು ತಂದು ನಮ್ಮ ಗನ್ನಿಗೆ ಹಚ್ಚೋ ವಿಡಿಯೋ ನಂಬಬ್ಯಾಡ್ರಿ. ಅಲ್ಲಿನ ಬೆಲೆ ಅಲ್ಲಿನ ಕಾನೂನಿನದು.

ಇನ್ನ 4.5ರ ಗನ್ ಇದ್ದವರ ಮಾತು. ಕೈಯಾಗ ಇರೂದು ಏನು ಅಂತ ತಿಳಿಯಲಾರದ ಗುಜರಿಗೆ ಹಾಕಿದವರನ್ನ ನಾ ಬಲ್ಲೆ. ಮೂರು ಕಿಲೋ ಕಬ್ಬಿಣ ಕಟಿಗಿ, ಗುಜರಿಯವ ನೂರು ರೂಪಾಯಿ ಕೊಟ್ರ ದೊಡ್ಡದು. ಈಗ ಹೊಸ ದೇಶೀ ಸ್ಪ್ರಿಂಗ್ ಗನ್ ಒಂದು ಮಟ್ಟಿಗೆ ಚಲೋದು ಬೇಕಂದ್ರ ಹತ್ತು-ಹದಿನೈದು ಸಾವಿರದ ಆಜೂಬಾಜು. ನಡೆಯೋ ಹಳೆ ಗನ್ನಿನ ಬೆಲೆಯನ್ನ ಇದು ಒಂದು ರೀತಿ ಕಟ್ಟಿಹಾಕ್ತೈತಿ: ಬರೇ ಹೊಡೆಯಾಕಂತ ಕೊಳ್ಳಾಂವ ಹೊಸದರ ಅರ್ಧಕ್ಕಿಂತ ಹೆಚ್ಚು ಕೊಡೂದಿಲ್ಲ. ಅದಕ್ಕೂ ಮ್ಯಾಲೆ ಕೊಡಾಂವ ಅಂದ್ರ ಸಂಗ್ರಹದಾಂವ. ಅಂಥವರು ಬಹಳ ಮಂದಿ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್‌ರೈಫಲ್ಲಿನ ಚಿನ್ನ ತಂದಮ್ಯಾಲ ಶೂಟಿಂಗ್ ಕಲಿಯೋ ಹುಡುಗರು ಹೆಚ್ಚಾದರು ಖರೆ, ಆದ್ರ ಅವರು ಕೊಳ್ಳೂದು ಸ್ಪರ್ಧೆಯ ಗನ್ನು, ನಮ್ಮ ಜಂತಿಯದಲ್ಲ. ಸಂಗ್ರಹದ ಹುಚ್ಚು ಬೇರೆ. ಅವರಿಗೆ ಗುರಿಗಿಂತ ಗುದ್ದು ಮುಖ್ಯ.

ಅವರು ನೋಡೂದು ಏನು ಅಂದ್ರ, ಕಾರ್ಖಾನೆಯಿಂದ ಬಂದಾಗ ಹೆಂಗಿತ್ತೋ ಅದರಾಗ ಎಷ್ಟು ಉಳದೈತಿ. ಇಲ್ಲೇ ನಮ್ಮವರು ಕೆಡಿಸ್ತಾರ. ಮಾರೂದಂತ ಮನಸು ಮಾಡಿದ ಕೂಡಲೆ ಗನ್ನಿಗೆ ಸ್ಯಾಂಡ್‌ಪೇಪರ್ ಹಚ್ಚಿ ತಿಕ್ಕಿ ಕಪ್ಪು ಪೇಂಟ್ ಹೊಡೀತಾರ, ಕಟಿಗಿಗೆ ಬಾಗಿಲಕ್ಕ ಹಚ್ಚೋ ವಾರ್ನಿಶ್ ಬಳೀತಾರ. ಎತ್ತಿಗೆ ಕೋಡು ಹೆರೆದು ಬಣ್ಣ ಹಚ್ಚಿ ಸಂತಿಗೆ ಒಯ್ಯೋ ರೂಢಿ ನಮ್ಮದು, ಅದ ಬುದ್ಧಿ ಇಲ್ಲೂ ಓಡ್ತೈತಿ. ತಿಕ್ಕಿದಾಗ ಹೋಗೂದು ತುಕ್ಕು ಅಷ್ಟ ಅಲ್ಲ, ಡಯಾನಾ ದೇವಿನೂ ಹೋಗ್ತಾಳ, ತಿಂಗಳು ವರ್ಷದ ಅಂಕಿನೂ ಹೋಗ್ತಾವ. ಗುದ್ದು ಮಾಸಿದ ಗನ್ನು ಸಂಗ್ರಹದಾಂವಗ ಬರೇ ಕಬ್ಬಿಣ. ತೆಳು ಎಣ್ಣಿ ಹಚ್ಚಿದ ಮೆತ್ತನ ಬಟ್ಟಿಲೆ ಒರಸಿ ಬಿಟ್ರ ಸಾಕು. ಒಂದಿಷ್ಟು ತುಕ್ಕು ಇದ್ರ ಇರಲಿ.

ಸ್ಪ್ರಿಂಗು, ವಾಷರು ಬದಲಿ ಮಾಡಿದ್ರ ತಪ್ಪಿಲ್ಲ, ಅವು ಸವೆಯೋ ಸಾಮಾನು ಅಂತ ಎಲ್ಲಾರಿಗೂ ಗೊತ್ತು. ಆದ್ರ ತೆಗೆದ ಹಳೆ ಸಾಮಾನನ್ನ ಒಗೀಬ್ಯಾಡ್ರಿ, ಡಬ್ಬಿಯೊಳಗ ಹಾಕಿ ಗನ್ನಿನ ಜೊತಿ ಕೊಡ್ರಿ. ಮುಂದಿನ ಗುರಿಯ ಮೊಳೆ, ಹಿಂದಿನ ಗುರಿಯ ತಿರುಪು, ಸಣ್ಣ ಸಣ್ಣ ಸ್ಕ್ರೂ, ಇವು ಮೂಲದವು ಇದ್ರ ಬೆಲೆ ಏರ್ತೈತಿ. ಅಂಗಡಿ ರಸೀದಿ, ಹಳೆ ಪೆಲೆಟ್ ಡಬ್ಬಿ, ಪೆಟ್ಟಿಗಿ ಇದ್ರಂತೂ ಬಿಡಬ್ಯಾಡ್ರಿ. ಕಾಕಾನ ವಿಷಯದಾಗ ನೋಡಿದ್ರಲ್ಲ, ರಸೀದಿ ಬರೇ ಬೆಲೆಗಲ್ಲ, ಕಾನೂನಿಗೂ ಬೇಕಾಗ್ತೈತಿ.

ಜಾತ್ರಿಯೊಳಗ ಬಲೂನ್ ಹೊಡಿಸೋ ಅಂಗಡಿಯ ಗನ್ನುಗಳಿಗೆ ಯಾಕ ಬೆಲೆ ಇಲ್ಲ ಅಂದ್ರ ಅವು ಮಳೆ ಬಿಸಿಲು ಉಂಡು, ಸಾವಿರ ಕೈ ದಾಟಿ, ಒಳಗಿನ ಗೀರು ಪೂರ್ತಿ ಸವೆದಿರ್ತಾವ. ಮನಿ ಗನ್ನನ್ನೂ ಹಂಗ ಮಾಡಿಟ್ಟವರು ಅದಾರ. ಸೈಕಲ್ ಬೇರಿಂಗಿನ ಗುಂಡು ಹಾಕಿ ಹೊಡೀತಾರ. ಪೆಲೆಟ್ ಸೀಸದ್ದು, ಮೆತ್ತಗ ಜಾರತೈತಿ, ಉಕ್ಕಿನ ಗುಂಡು ನಳಿಗೆಯ ಗೀರನ್ನ ತಿಂದು ಹಾಕತೈತಿ. ಪೆಲೆಟ್ ಇಲ್ಲದ ಸುಮ್ಮನ ಹೊಡೆದ್ರ ಪಿಸ್ಟನ್ನಿಗೆ ತಡೆ ಇರೂದಿಲ್ಲ, ಹೋಗಿ ಮುಂದಿನ ಗೋಡಿಗೆ ಬಡಿತೈತಿ. ಮಕ್ಕಳು ಆಡಾಕಂತ ಮಾಡೂದು ಹೆಚ್ಚಾಗಿ ಇದನ್ನ. ಇನ್ನು ಕೆಲವರು ಗಾಳಿ ಒತ್ತೋ ಕೊಳವಿಯೊಳಗ ಒಳ್ಳೆಣ್ಣಿ, ಡೀಸೆಲ್ ಹನಿಸ್ತಾರ, ಜೋರು ಹೊಡೀತೈತಿ ಅಂತ. ಹೊಡೀತೈತಿ, ಯಾಕಂದ್ರ ಗಾಳಿ ಒತ್ತಿದ ಕಾವಿಗೆ ಎಣ್ಣಿ ಹತ್ತಿ ಉರಿತೈತಿ, ನಮ್ಮ ಡೀಸೆಲ್ ಎಂಜಿನ್ನಿನಂಗ. ನಾಲ್ಕು ದಿನಕ್ಕ ವಾಷರ್ ಸುಟ್ಟು ಸ್ಪ್ರಿಂಗ್ ಮುರೀತೈತಿ. ಅಂಥ ಗನ್ನಿನ ನಳಿಗೆ ಮೂಸಿ ನೋಡಿದ್ರ ಸಾಕು, ತಿಳಿದ ಗಿರಾಕಿ ಅರ್ಧ ಬೆಲೆ ಅಂತಾನ.

ಮನ್ಯಾಗ ಏರ್‌ಗನ್ ಇದ್ದವರು ಮೊದಲ ಮಾಡೂದು ಇಷ್ಟ. ಕೆಳಗ ಇಳಿಸಿ, ಪೆಲೆಟ್ ಒಳಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ಹಗಲ ಬೆಳಕಿನ್ಯಾಗ ನಳಿಗೆ ಬುಡದ ಗುದ್ದು ಓದ್ರಿ. 4.5 ಅಥವಾ .177 ಅಂತ ಇದ್ರ ನಿಶ್ಚಿಂತಿ. ಮಾರೂದಿದ್ರ ಕೊಳ್ಳಾಂವನ ಗುರುತಿನ ಚೀಟಿಯ ನಕಲು ತಗೊಂಡು, ಒಂದು ಹಾಳಿ ಮ್ಯಾಲೆ ಇಬ್ಬರೂ ಸಹಿ ಮಾಡಿ ಕೊಡ್ರಿ. 5.5, .22 ಅಂತ ಇದ್ರ, ಹಳೆ ಬಿಎಸ್‌ಎದಾಗ 2 ಅಂತ ಇದ್ರ, ಅದನ್ನ ಮಾರಾಕ ಹೊರಗ ಒಯ್ಯಬ್ಯಾಡ್ರಿ, ಫೋಟೋ ಹಾಕಬ್ಯಾಡ್ರಿ, ಗದುಗಿನ ಕಚೇರಿಗೆ ಹೋಗಿ ಕೇಳ್ರಿ. ನಾ ವಕೀಲ ಅಲ್ಲ, ಅವರು ಹೇಳಿದ್ದ ಕಡೀ ಮಾತು.

ಗುದ್ದು ಓದಾಕ ಆಗದಿದ್ರ ಗೋಧಿ ಹಿಟ್ಟು ಒಂದು ಚಿಟಿಕಿ ಅದರ ಮ್ಯಾಲೆ ಉದುರಿಸಿ ಬಟ್ಟಿಲೆ ಮೆಲ್ಲಗ ಒರಸ್ರಿ, ತಗ್ಗಿನೊಳಗ ಹಿಟ್ಟು ಕುಂತು ಅಕ್ಷರ ಬೆಳ್ಳಗ ಕಾಣ್ತಾವ. ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಬ್ಯಾಡ್ರಿ. ನಮ್ಮ ಐಎಚ್‌ಪಿಯನ್ನ 6,000ಕ್ಕ ಇಬ್ಬರು ಕೇಳ್ಯಾರ. ಸದ್ಯಕ್ಕ ಕೊಟ್ಟಿಲ್ಲ, ಸೂರ್ಯಕಾಂತಿ ಹೊಲದಾಗ ತಗಡು ಇನ್ನೂ ತೂಗತೈತಿ.